ಐಸಿಟಿ ಅಂಕ ರೆಕಾರ್ಡಿಗೆ ಬೇಡ, ಪಾಠಕ್ಕೆ ಕೊಡಿ: ಬಿ.ಇಡಿ. ಅಧ್ಯಯನ ಮಂಡಳಿಗೆ ಹಾಸನದಿಂದ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಸದಸ್ಯರೇ,

ನಮಸ್ಕಾರ. ನಾನು ಹಾಸನದ ಕಾಲೇಜೊಂದರಲ್ಲಿ ಬಿ.ಇಡಿ. ಎರಡನೇ ವರ್ಷದಲ್ಲಿದ್ದೇನೆ. ಗಣಿತ ಮತ್ತು ಭೌತವಿಜ್ಞಾನ ನನ್ನ ಬೋಧನಾ ವಿಷಯಗಳು. ನಾವು ಯಾವ ಪತ್ರಿಕೆ ಓದಬೇಕು, ಯಾವುದಕ್ಕೆ ಎಷ್ಟು ಅಂಕ ಎಂದು ತೀರ್ಮಾನಿಸುವವರು ನೀವು. ಹಾಗಾಗಿ ಪತ್ರ ನಿಮಗೇ. ನಾಳೆ ನಮ್ಮ ತರಗತಿಗೆ ಮಕ್ಕಳನ್ನು ಕಳಿಸುವ ತಂದೆತಾಯಿಯರೂ ಓದಲೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ಕೋರಿಕೆ ಒಂದೇ: ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ, ಅಂದರೆ ನಾವೆಲ್ಲ ಐಸಿಟಿ ಎಂದು ಕರೆಯುವ ಪತ್ರಿಕೆಯ ಅಂಕಗಳನ್ನು ರೆಕಾರ್ಡ್ ಪುಸ್ತಕದಿಂದ ತೆಗೆದು, ಶಾಲೆಯಲ್ಲಿ ಮಕ್ಕಳೆದುರು ನಡೆಯುವ ಪಾಠಕ್ಕೆ ಕೊಡಿ.

ರೆಕಾರ್ಡ್ ಎಂದರೇನು ಎಂದು ತಂದೆತಾಯಿಯರಿಗೆ ಗೊತ್ತಿರಲಾರದು. ಕಂಪ್ಯೂಟರಿನಲ್ಲಿ ಪಿಪಿಟಿ ಮಾಡಬೇಕು. ಅದರ ಸ್ಲೈಡುಗಳನ್ನು ಪ್ರಿಂಟ್ ಹಾಕಿಸಿ ಅಂಟಿಸಬೇಕು. ಕಲರ್ ಪ್ರಿಂಟ್ ಆದರೆ ನೋಡುವವರಿಗೆ ಸಂತೋಷ. ಮಗ್ಗುಲ ಪುಟದಲ್ಲಿ ಉದ್ದೇಶ, ಸಾಮಗ್ರಿ, ವಿಧಾನ, ಉಪಸಂಹಾರ ಎಂದು ಕೈಬರಹದಲ್ಲಿ ತುಂಬಬೇಕು. ಇಮೇಲ್ ಕಳಿಸಲು ಬರುತ್ತದೆ ಎನ್ನುವುದಕ್ಕೆ ಇಮೇಲಿನ ಸ್ಕ್ರೀನ್‌ಶಾಟ್. ಎಕ್ಸೆಲ್‌ನಲ್ಲಿ ಅಂಕಪಟ್ಟಿ ಮಾಡಲು ಬರುತ್ತದೆ ಎನ್ನುವುದಕ್ಕೆ ಅದರದೊಂದು ಪ್ರಿಂಟು. ಎಲ್ಲ ಸೇರಿಸಿ ಸ್ಪೈರಲ್ ಬೈಂಡಿಂಗ್, ಮೇಲೊಂದು ಪ್ಲಾಸ್ಟಿಕ್ ಹಾಳೆ, ಪುಟಪುಟಕ್ಕೂ ಸಹಿ. ಅಡುಗೆ ಪರೀಕ್ಷೆಗೆ ಊಟದ ಫೋಟೋ ತಂದು ತೋರಿಸಿದ ಹಾಗೆ. ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯ ಹುಡುಗನಿಗೆ ಈ ಪತ್ರಿಕೆಯ ಪಠ್ಯಕ್ರಮ ನಮಗಿಂತ ಚೆನ್ನಾಗಿ ಗೊತ್ತು. “ಐಸಿಟಿ ರೆಕಾರ್ಡಾ ಮೇಡಂ? ಹೋದ ವರ್ಷದ್ದು ಸಿಸ್ಟಮ್‌ನಲ್ಲೇ ಇದೆ. ಹೆಸರು, ರಿಜಿಸ್ಟರ್ ನಂಬರ್ ಬದಲಾಯಿಸಿ ಕೊಡ್ಲಾ?” ಎಂದು ಅವನೇ ಕೇಳುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅಂಕ ಎಲ್ಲಿದೆಯೋ ಜನ ಅಲ್ಲಿಗೆ ಹೋಗುತ್ತಾರೆ, ಅಂಗಡಿಯೂ ಅಲ್ಲೇ ತೆರೆಯುತ್ತದೆ.

ಶಿಕ್ಷಕರ ತರಬೇತಿಗೆ ನಿಯಮ ಮಾಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇಯ 2014ರ ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷದ ಕೋರ್ಸಾಯಿತು. ಆಗ ಐಸಿಟಿ ಬಂದದ್ದು ಶಿಕ್ಷಕರ ವೃತ್ತಿ ಸಾಮರ್ಥ್ಯ ಹೆಚ್ಚಿಸುವ ಪತ್ರಿಕೆಗಳ ಸಾಲಿನಲ್ಲಿ. ಓದು, ನಾಟಕ ಮತ್ತು ಕಲೆಯ ಜೊತೆಯಲ್ಲಿ. ಆ ಸಾಲಿನಲ್ಲಿಟ್ಟವರು ಸರಿಯಾಗಿಯೇ ಯೋಚಿಸಿದ್ದರು ಎಂದು ನನ್ನ ಅನಿಸಿಕೆ. ನಾಟಕವನ್ನು ಆಡಿ ಕಲಿಯಬೇಕು, ತಂತ್ರಜ್ಞಾನವನ್ನು ಪಾಠದಲ್ಲಿ ಬಳಸಿ ಕಲಿಯಬೇಕು. ಅದೇ ನಿಯಮಾವಳಿ ಎರಡು ವರ್ಷದಲ್ಲಿ ಕನಿಷ್ಠ 20 ವಾರ ಶಾಲೆಯೊಂದಿಗಿನ ಕೆಲಸಕ್ಕೆ ಎತ್ತಿಟ್ಟಿದೆ. ಅಷ್ಟು ವಾರ ನಾವು ಶಾಲೆಯಲ್ಲೇ ಇರುತ್ತೇವೆ. ಆದರೆ ಐಸಿಟಿಯ ಅಂಕ ಮಾತ್ರ ಕಾಲೇಜಿನ ಬೀರುವಿನಲ್ಲಿರುತ್ತದೆ.

ಇಂಟರ್ನ್‌ಶಿಪ್‌ಗೆ ನನ್ನನ್ನು ಹಾಕಿದ್ದು ಆಲೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ. ಅಲ್ಲಿ ಸ್ಮಾರ್ಟ್ ಕ್ಲಾಸ್ ಕೊಠಡಿ ಇದೆ, ದಾನಿಗಳ ಹೆಸರಿನ ಫಲಕವೂ ಇದೆ. ಪ್ರೊಜೆಕ್ಟರ್ ಕೆಲಸ ಮಾಡುತ್ತದೆ, ಯುಪಿಎಸ್‌ನ ಬ್ಯಾಟರಿ ಸತ್ತಿದೆ. ಮಳೆ ಹಿಡಿದರೆ ಸಕಲೇಶಪುರದಿಂದ ಈಚೆಗೆಲ್ಲ ಕರೆಂಟಿನ ಕಥೆ ಒಂದೇ: ಎಲ್ಲೋ ಮರ ಲೈನಿನ ಮೇಲೆ ಬಿದ್ದಿರುತ್ತದೆ, ಬಂದಾಗ ಬಂತು. ನೆಟ್‌ವರ್ಕ್ ಬೇಕೆಂದರೆ ಧ್ವಜಸ್ತಂಭದ ಹತ್ತಿರ ಹೋಗಿ ನಿಲ್ಲಬೇಕು. ಇದೆಲ್ಲ ದೂರು ಎಂದು ಹೇಳುತ್ತಿಲ್ಲ. ನಮ್ಮಲ್ಲಿ ಬಹಳಷ್ಟು ಜನ ಮುಂದೆ ಕೆಲಸ ಮಾಡುವುದು ಇಂಥ ಶಾಲೆಗಳಲ್ಲೇ ಆದ್ದರಿಂದ ನಮ್ಮ ತರಬೇತಿ ಇಲ್ಲಿಂದಲೇ ಶುರುವಾಗಬೇಕಿತ್ತು. ಕಾಲೇಜಿನಲ್ಲಿ ನಮಗೆ ಕಲಿಸಿದ್ದು ಸ್ಲೈಡಿಗೆ ಅನಿಮೇಷನ್ ಹಾಕುವುದನ್ನು. ಅಕ್ಷರಗಳು ಗಿರಗಿರನೆ ತಿರುಗಿ ಬಂದು ಕೂರುತ್ತವೆ. ಮಕ್ಕಳು ಮೊದಲ ಸಲ ಚಪ್ಪಾಳೆ ತಟ್ಟುತ್ತಾರೆ, ಎರಡನೇ ಸಲ ಆಕಳಿಸುತ್ತಾರೆ.

ಆ ಶಾಲೆಯಲ್ಲಿ ನನಗೆ ಮಾರ್ಗದರ್ಶನಕ್ಕೆ ಸಿಕ್ಕ ಮೆಂಟರ್ ಶಿಕ್ಷಕರು ನಿವೃತ್ತಿಗೆ ಹತ್ತಿರವಿರುವವರು. ಪಿಪಿಟಿ ಮಾಡಲು ಅವರಿಗೆ ಬರುವುದಿಲ್ಲ, ಬೇಕೆಂದೂ ಅವರಿಗನಿಸಿಲ್ಲ. ಆದರೆ ಹಿಂದಿನ ರಾತ್ರಿಯೇ ಮನೆಯಲ್ಲಿ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ ತೆರೆದು, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಬೇಕಾದ ವಿಡಿಯೊವನ್ನು ಫೋನಿಗೆ ಇಳಿಸಿಕೊಂಡು ಬರುತ್ತಾರೆ. ತರಗತಿಯಲ್ಲಿ ಅದನ್ನು ಪೂರ್ತಿ ತೋರಿಸಿದ್ದನ್ನು ನಾನು ನೋಡಿಲ್ಲ. ಒಂದು ತುಣುಕು ಹಾಕಿ ನಿಲ್ಲಿಸಿ, “ಈಗ ಏನಾಗುತ್ತೆ ಹೇಳ್ರೋ” ಎನ್ನುತ್ತಾರೆ. ಮಕ್ಕಳು ಊಹಿಸುತ್ತಾರೆ, ಜಗಳವಾಡುತ್ತಾರೆ, ಆಮೇಲೆ ಮಿಕ್ಕದ್ದು. ಡಿಜಿಟಲ್ ಬೋಧನೆಯ ಬಗ್ಗೆ ನಾನು ಕಲಿತದ್ದರಲ್ಲಿ ಅರ್ಧದಷ್ಟು ಆ ನಿಲ್ಲಿಸುವ ಬೆರಳಿನಿಂದ ಬಂದದ್ದು. ಅದನ್ನು ಯಾವ ಪುಟದಲ್ಲಿ ಅಂಟಿಸಲಿ?

ನನ್ನದೇ ಒಂದು ಪಾಠದ ವಿಷಯ ಹೇಳುತ್ತೇನೆ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬುದನ್ನು ಕಪ್ಪುಹಲಗೆಯ ಮೇಲೆ ಒಂದೆರಡು ಚಿತ್ರ ಬರೆದು ತೋರಿಸಬಹುದು. ಮಕ್ಕಳು ನಂಬುತ್ತಾರೆ, ಬರೆದುಕೊಳ್ಳುತ್ತಾರೆ. ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶವೊಂದಿದೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ತಮ್ಮ ಸ್ನಾತಕೋತ್ತರ ಓದಿನ ಭಾಗವಾಗಿ ಶುರು ಮಾಡಿದ್ದು. ಫೋನಿನಲ್ಲಿ ನೆಟ್ ಇಲ್ಲದೆಯೂ ನಡೆಯುತ್ತದೆ. ಅದರಲ್ಲಿ ವೃತ್ತ ಬರೆದು, ವ್ಯಾಸ ಎಳೆದು, ಪರಿಧಿಯ ಮೇಲೊಂದು ಬಿಂದು ಇಟ್ಟು ಮಕ್ಕಳ ಕೈಗೆ ಕೊಟ್ಟೆ. ಬಿಂದುವನ್ನು ಎಲ್ಲಿಗೆ ಎಳೆದರೂ ಕೋನ 90 ಡಿಗ್ರಿಯಲ್ಲೇ ನಿಂತಿತು. ಫೋನು ಬೆಂಚಿನಿಂದ ಬೆಂಚಿಗೆ ಹೋಯಿತು. ಹಿಂದಿನ ಸಾಲಿನ ಒಬ್ಬ ಹುಡುಗ ಎದ್ದು, “ಮಿಸ್, ಇದು ಗೆರೆ ಮೇಲೇ ಓಡಾಡ್ತಿದೆ. ಒಳಗೆ ಎಳೆದ್ರೆ?” ಎಂದ. ಬಿಂದುವನ್ನು ವೃತ್ತದಿಂದ ಬಿಡಿಸಿ ಕೊಟ್ಟೆ. ಒಳಗೆ ತಂದರೆ ಕೋನ 90 ದಾಟುತ್ತದೆ, ಹೊರಗೆ ಒಯ್ದರೆ 90ಕ್ಕಿಂತ ಇಳಿಯುತ್ತದೆ. ಏಕೆ ಎಂದು ಕೇಳಿದೆ. ಅವಧಿ ಮುಗಿದ ಗಂಟೆ ಹೊಡೆದದ್ದು ಯಾರಿಗೂ ಇಷ್ಟವಾಗಲಿಲ್ಲ.

ನನ್ನ ಪಾಠ ಯೋಜನೆಯಲ್ಲಿ ಆ ಪ್ರಶ್ನೆ ಇರಲಿಲ್ಲ, ಇರುವುದಕ್ಕೂ ಸಾಧ್ಯವಿರಲಿಲ್ಲ. ಮರುದಿನ ಅದೇ ಮಕ್ಕಳಿಗೆ ಮಂಜರಾಬಾದ್ ಕೋಟೆಯ ನಕ್ಷೆ ಬರೆಯಿರಿ ಎಂದೆ. ಸಕಲೇಶಪುರದ ಪಕ್ಕದ ಈ ಕೋಟೆಯನ್ನು ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಒಂದು ಮೂಲೆ ಬರೆದರೆ ಸಾಕು, ಉಳಿದದ್ದನ್ನು 45 ಡಿಗ್ರಿಯಂತೆ ತಿರುಗಿಸುತ್ತಾ ಹೋಗಬಹುದು ಎಂದು ಕಂಡುಹಿಡಿದದ್ದು ಮಕ್ಕಳೇ. ರೆಕಾರ್ಡಿನಲ್ಲಿ ಇದಕ್ಕೆ ಸಿಗುವುದು ಒಂದು ನಕ್ಷತ್ರದ ಪ್ರಿಂಟು. ಅದೇ ನಕ್ಷತ್ರವನ್ನು ಅಂತರ್ಜಾಲದಿಂದ ಇಳಿಸಿ ಅಂಟಿಸಿದವರಿಗೂ ಅಷ್ಟೇ ಅಂಕ.

ಇದಕ್ಕಿಂತ ವಿಚಿತ್ರವಾದದ್ದು ನನ್ನ ಸಹಪಾಠಿಯ ಪಾಡು. ಅವಳದು ಕನ್ನಡ ಬೋಧನೆ. ಚನ್ನರಾಯಪಟ್ಟಣ ಕಡೆಯ ಶಾಲೆಯಲ್ಲಿ ಜನಪದ ಸಾಹಿತ್ಯದ ಪಾಠಕ್ಕೆ ಮಕ್ಕಳನ್ನು ಅವರವರ ಅಜ್ಜಿಯರ ಹತ್ತಿರ ಕಳಿಸಿ ಸೋಬಾನೆ ಪದಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಸಿದಳು. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಕೋಳಿ ಕೂಗು, ಬೈಕಿನ ಸದ್ದನ್ನೆಲ್ಲ ಕತ್ತರಿಸಿ ಮಕ್ಕಳೇ ಜೋಡಿಸಿದರು. (ಒಂದು ಕೋಳಿಯನ್ನು ಮಾತ್ರ ಬಿಡಬೇಕೆಂದು ಹಟ ಹಿಡಿದರಂತೆ, ತಾಳಕ್ಕೆ ಸರಿಯಾಗಿ ಕೂಗಿತ್ತು.) ಒಂದೇ ಪದ ಎರಡು ಊರಿನಲ್ಲಿ ಬೇರೆ ಬೇರೆ ಸಾಲುಗಳೊಂದಿಗೆ ಬಂದಾಗ ಮೌಖಿಕ ಪರಂಪರೆ ಎಂದರೇನು ಎಂದು ಅವಳು ವಿವರಿಸಬೇಕಾಗಿಯೇ ಬರಲಿಲ್ಲ. ಈಗ ರೆಕಾರ್ಡಿಗೆ ಏನು ಅಂಟಿಸುವುದು? ಧ್ವನಿಗೆ ಸ್ಕ್ರೀನ್‌ಶಾಟ್ ಇಲ್ಲವಲ್ಲ. ಕೊನೆಗೆ ಆಡಾಸಿಟಿಯ ಪರದೆಯ ಮೇಲೆ ಏರಿಳಿಯುವ ನೀಲಿ ಗೆರೆಗಳ ಚಿತ್ರ ತೆಗೆದು ಅಂಟಿಸಿದಳು. ಪಾಠ ಕೇಳದೆ, ಆ ಗೆರೆಗಳ ಕೆಳಗೆ ಸಹಿ ಬಿತ್ತು.

ಕನ್ನಡದಲ್ಲಿ ಟೈಪ್ ಮಾಡುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಉದ್ದ ಹೇಳಬೇಕಾಗುತ್ತದೆ, ಸಹಿಸಿಕೊಳ್ಳಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ, 1998ರಲ್ಲಿ ಬಂದ ಬರಹ ತಂತ್ರಾಂಶ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇವೆಲ್ಲ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡವೇ ಇರುತ್ತಿರಲಿಲ್ಲ. ಅವರಿಗೆ ನಾವು ಋಣಿಗಳು. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಫೋನಿನಲ್ಲಿ ತೆರೆದರೆ ಕನ್ನಡ ಮಾಯವಾಗಿ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಕಾಣುತ್ತವೆ. ಜಗತ್ತಿನ ಭಾಷೆಗಳ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿದೆ. ನುಡಿಯ ಹೊಸ ಆವೃತ್ತಿಗಳೂ ಯೂನಿಕೋಡನ್ನು ಬಲ್ಲವು. ಆದರೂ ನಾನು ಹೋದ ಶಾಲೆಯ ಕಂಪ್ಯೂಟರಿನಲ್ಲಿದ್ದ ಪ್ರಶ್ನೆಪತ್ರಿಕೆಗಳು, ಘಟಕ ಪರೀಕ್ಷೆಗಳು, ಟಿಪ್ಪಣಿಗಳು ಬಹುಪಾಲು ಹಳೆಯ ಫಾಂಟಿನಲ್ಲೇ ಇವೆ. ಅವುಗಳಲ್ಲಿ ಒಂದು ಪದ ಹುಡುಕಲು ಆಗುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಮಕ್ಕಳಿಗೆ ಓದಲು ಬರುವುದಿಲ್ಲ. ದೃಷ್ಟಿ ಇಲ್ಲದ ವಿದ್ಯಾರ್ಥಿಗೆ ಅವನ ಫೋನು ಅದನ್ನು ಓದಿ ಹೇಳಲಾರದು. ಯೂನಿಕೋಡಿನಲ್ಲಿದ್ದರೆ ಓದಿ ಹೇಳುತ್ತದೆ. ಹಳೆಯದನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪುವುದನ್ನು ಕೈಯಲ್ಲಿ ತಿದ್ದಬೇಕು. ಒಂದು ಶಾಲೆಯ ಹತ್ತಾರು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಹೀಗೆ ಬದಲಾಯಿಸಿ ಕೊಟ್ಟರೆ ಆ ಶಾಲೆ ನಮ್ಮನ್ನು ನೆನೆಯುತ್ತದೆ. ನಮ್ಮ ಪತ್ರಿಕೆಯಲ್ಲಿ ಇದರ ಮಾತೇ ಇಲ್ಲ. ಇರುವುದು ಒಂದೇ ಪತ್ರವನ್ನು ಹಲವರ ಹೆಸರಿಗೆ ತಯಾರಿಸುವ ಮೇಲ್ ಮರ್ಜ್. ಯಾರಿಗೆ ಅಷ್ಟೊಂದು ಪತ್ರ ಕಳಿಸುವುದಿದೆಯೋ ತಿಳಿಯದು.

ನಮ್ಮ ಊರಿಗೂ ಶಿಕ್ಷಣ ತಂತ್ರಜ್ಞಾನಕ್ಕೂ ಹಳೆಯ ನಂಟಿದೆ. ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲಿದೆ. ಬಾಹ್ಯಾಕಾಶದಲ್ಲಿರುವ ನಮ್ಮ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವುದು ಇಲ್ಲಿಂದ. ಶಿಕ್ಷಣಕ್ಕೆಂದೇ 2004ರ ಸೆಪ್ಟೆಂಬರ್ 20ರಂದು ಹಾರಿಸಿದ ಎಜುಸ್ಯಾಟ್ ಕೂಡ ಈ ಕೇಂದ್ರದ ಸುಪರ್ದಿಗೇ ಬಂದದ್ದು. ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬಂತು. 2020ರಲ್ಲಿ ಶಾಲೆ ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ದೀಕ್ಷಾ 2017ರಿಂದ ಇದೆ. ಇವೆಲ್ಲ ಒಳ್ಳೆಯ ಕೆಲಸಗಳೇ, ನಾನು ಅಲ್ಲಗಳೆಯುತ್ತಿಲ್ಲ. ಆದರೆ ಎಲ್ಲದರಲ್ಲೂ ಪಾಠ ಬೇರೆಲ್ಲೋ ತಯಾರಾಗಿ ಮೇಲಿಂದ ಬರುತ್ತದೆ, ಶಿಕ್ಷಕರು ಸ್ವಿಚ್ ಹಾಕಬೇಕು. 2020ರಲ್ಲೇ ಇನ್ನೊಂದೂ ನಡೆಯಿತು, ವಿದ್ಯಾಗಮ. ಮೇಷ್ಟ್ರುಗಳು ಊರೂರಿಗೆ ಹೋಗಿ ಜಗಲಿಯಲ್ಲಿ, ದೇವಸ್ಥಾನದ ಕಟ್ಟೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡರು. ಯಾವ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಯಾವ ಮನೆಯಲ್ಲಿ ಬರಿಯ ಕೀಪ್ಯಾಡ್ ಫೋನು, ಯಾವ ಮನೆಯಲ್ಲಿ ಅದೂ ಇಲ್ಲ ಎಂದು ಲೆಕ್ಕ ಹಾಕಿ ಮಕ್ಕಳನ್ನು ಗುಂಪು ಮಾಡಿ ಪಾಠ ಕಟ್ಟಿದರು. ನಮ್ಮ ಐಸಿಟಿ ಪತ್ರಿಕೆಯಲ್ಲಿ ಉಪಗ್ರಹದ ಬಗ್ಗೆ ಟಿಪ್ಪಣಿ ಬರೆಯುವ ಪ್ರಶ್ನೆ ಬರುತ್ತದೆ. ಆ ಜಗಲಿಯ ಲೆಕ್ಕದ ಬಗ್ಗೆ ಬರುವುದಿಲ್ಲ.

ನಾವೂ ಏನಾದರೂ ಮಾಡಿಕೊಡಬಹುದು ಎಂಬುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೈಮನ್ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭಿಸಿದ ಫೆಟ್ ಯೋಜನೆಯಲ್ಲಿ ವಿಜ್ಞಾನ, ಗಣಿತದ ಸಿಮ್ಯುಲೇಷನ್‌ಗಳಿವೆ. ಬಲ್ಬು, ತಂತಿ, ಬ್ಯಾಟರಿ ಜೋಡಿಸಿ ಮಂಡಲ ಕಟ್ಟಬಹುದು. ತಪ್ಪಾಗಿ ಜೋಡಿಸಿದರೆ ಬ್ಯಾಟರಿಗೆ ಪರದೆಯ ಮೇಲೇ ಬೆಂಕಿ ಹತ್ತುತ್ತದೆ, ಮಕ್ಕಳಿಗೆ ಅದೇ ಹಬ್ಬ. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ. ಅವುಗಳನ್ನು ಬೇರೆ ಬೇರೆ ಭಾಷೆಗೆ ತರುವವರು ಸ್ವಯಂಸೇವಕರು. ಕೆಲವು ಕನ್ನಡದಲ್ಲೂ ಇವೆ. ಉಳಿದವನ್ನು ಬಿ.ಇಡಿ. ವಿದ್ಯಾರ್ಥಿಗಳಿಗೆ ಹಂಚಿ ಕನ್ನಡಕ್ಕೆ ತರಿಸಿದರೆ ವಿಷಯದ ಪದಗಳೂ ನಮಗೆ ಗಟ್ಟಿಯಾಗುತ್ತವೆ, ರಾಜ್ಯದ ಮಕ್ಕಳಿಗೂ ಸಿಗುತ್ತವೆ. ಇದಕ್ಕೆ ಯಾವ ಅನುದಾನವೂ ಬೇಡ.

ಈ ವರ್ಷ ಜೆರಾಕ್ಸ್ ಅಂಗಡಿಗೆ ಪೈಪೋಟಿ ಬಂದಿದೆ. ಎಐಗೆ ಒಂದು ಸಾಲು ಹೇಳಿದರೆ ಪಾಠ ಯೋಜನೆ, ಸ್ಲೈಡು, ಉಪಸಂಹಾರ ಎಲ್ಲ ಬರುತ್ತದೆ. ವಿದ್ಯುತ್ತಿನ ಪಾಠದಲ್ಲಿ ‘ವಿಭವಾಂತರ’ ಎನ್ನುವಲ್ಲಿ ತನಗೆ ತೋಚಿದ ಇನ್ನೊಂದು ಪದ ಹಾಕುತ್ತದೆ, ಪಠ್ಯಪುಸ್ತಕ ನೋಡಿದವರಿಗೆ ಮಾತ್ರ ಅದು ಗೊತ್ತಾಗುತ್ತದೆ. ಅದನ್ನು ನಿಷೇಧಿಸಿ ಪ್ರಯೋಜನವಿಲ್ಲ. ಅದು ಬರೆದದ್ದನ್ನು ಪಠ್ಯಪುಸ್ತಕದ ಜೊತೆ ಇಟ್ಟು ತಿದ್ದಲು ಕಲಿಸಿ. ಹಾಳೆಗೆ ಅಂಕ ಇರುವವರೆಗೆ ಹಾಳೆ ತುಂಬಿಸುವ ಯಂತ್ರಕ್ಕೆ ಕೆಲಸ ಇದ್ದೇ ಇರುತ್ತದೆ. ‘ಒಳಗೆ ಎಳೆದ್ರೆ?’ ಎಂದು ಕೇಳಿದ ಹುಡುಗನೆದುರು ನಿಂತಾಗ ಮಾತ್ರ ಅದನ್ನು ನಮ್ಮ ಬದಲಿಗೆ ಕಳಿಸಲಾಗುವುದಿಲ್ಲ.

ಇನ್ನೊಂದು ವಿಷಯ ನನಗೆ ನಿಜಕ್ಕೂ ಕಸಿವಿಸಿ ತಂದದ್ದು. ಪಾಠ ಮಾಡಿದ್ದಕ್ಕೆ ಸಾಕ್ಷಿಯಾಗಿ ಮಕ್ಕಳ ಫೋಟೋ, ವಿಡಿಯೊ ಬೇಕು ಎನ್ನುತ್ತಾರೆ. ಅವು ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತವೆ, ಅಲ್ಲಿಂದ ಸ್ಟೇಟಸ್ಸಿಗೆ, ಅಲ್ಲಿಂದ ಎಲ್ಲಿಗೋ. ತಪ್ಪು ಉತ್ತರ ಕೊಟ್ಟು ನಾಚಿಕೊಂಡ ಹುಡುಗಿಯ ಮುಖ ಯಾರ್ಯಾರ ಫೋನಿನಲ್ಲೋ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಕಾಯ್ದೆ ಇರಲಿ ಬಿಡಲಿ, ಕೇಳಿ ತೆಗೆಯುವುದು ಮರ್ಯಾದೆ. ಡಿಜಿಟಲ್ ಮಾಧ್ಯಮ ಕಲಿಸುವ ಪತ್ರಿಕೆಯ ಮೊದಲ ಪಾಠ ಇದಾಗಬೇಕಿತ್ತು. ಹಾಗೆಯೇ ಹಕ್ಕುಸ್ವಾಮ್ಯದ್ದು: 1957ರ ಕಾಯ್ದೆ ತರಗತಿಯ ಬೋಧನೆಗೆ ಕೃತಿಗಳನ್ನು ಬಳಸಲು ಶಿಕ್ಷಕರಿಗೆ ಸಾಕಷ್ಟು ಅವಕಾಶ ಕೊಟ್ಟಿದೆ. ಅದೇ ವಿಡಿಯೊವನ್ನು ಯೂಟ್ಯೂಬಿಗೆ ಹಾಕಿದರೆ ಲೆಕ್ಕ ಬೇರೆ. ಈ ವ್ಯತ್ಯಾಸವನ್ನು ನಮಗೆ ಹೇಳಿದವರಿಲ್ಲ.

ನೀವು ಏನು ಹೇಳಬಹುದು ಎಂಬ ಅಂದಾಜು ನನಗಿದೆ. ಎಲ್ಲ ಶಾಲೆಗೂ ಪರೀಕ್ಷಕರನ್ನು ಕಳಿಸಲು ಆಗುವುದಿಲ್ಲ ಎನ್ನುತ್ತೀರಿ. ಕಳಿಸಬೇಕಾಗಿಲ್ಲ. ಇಂಟರ್ನ್‌ಶಿಪ್‌ನಲ್ಲಿ ನಮ್ಮ ಪಾಠಗಳನ್ನು ಮೆಂಟರ್ ಶಿಕ್ಷಕರೂ ಕಾಲೇಜಿನ ಅಧ್ಯಾಪಕರೂ ಈಗಾಗಲೇ ಕೂತು ನೋಡುತ್ತಾರೆ, ವೀಕ್ಷಣಾ ನಮೂನೆ ತುಂಬುತ್ತಾರೆ. ಅದೇ ನಮೂನೆಗೆ ಒಂದಿಷ್ಟು ಸಾಲು ಸೇರಿಸಿ: ಉಪಕರಣ ಯಾರ ಕೈಯಲ್ಲಿತ್ತು, ಶಿಕ್ಷಕರದೋ ಮಕ್ಕಳದೋ? ಅದಿಲ್ಲದೆ ಆಗದ ಯಾವುದಾದರೂ ಕೆಲಸ ಅದರಿಂದ ಆಯಿತೇ? ಕರೆಂಟು ಹೋದರೆ ಪಾಠ ಮುಂದುವರಿಯಿತೇ? ಬರೆದದ್ದು ಯೂನಿಕೋಡ್ ಕನ್ನಡದಲ್ಲಿತ್ತೇ? ಮಾರ್ಕ್ಸ್ ಧಾರಾಳವಾಗಿ ಬೀಳುತ್ತದೆ ಎಂಬ ಭಯವಿದ್ದರೆ, ರೆಕಾರ್ಡಿಗೆ ಈಗ ಬೀಳುತ್ತಿರುವ ಮಾರ್ಕ್ಸನ್ನು ಒಮ್ಮೆ ತೆಗೆದು ನೋಡಿ. ಎಲ್ಲರ ಹತ್ತಿರ ಲ್ಯಾಪ್‌ಟಾಪ್ ಇಲ್ಲ ಎಂದೂ ಹೇಳಬಹುದು. ನಿಜ, ನನ್ನ ಹತ್ತಿರವೂ ಇಲ್ಲ. ಮೇಲೆ ಹೇಳಿದ್ದರಲ್ಲಿ ಆಡಾಸಿಟಿಯೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಫೋನಿನಲ್ಲಿ ಆಗುತ್ತದೆ. ಆಡಾಸಿಟಿಗೆ ಶಾಲೆಯ ಹಳೆಯ ಕಂಪ್ಯೂಟರು ಸಾಕಾಯಿತು. ಹಾಸ್ಟೆಲಿನಲ್ಲಿರುವ ಹುಡುಗಿಯರಿಗೆ ಕಲರ್ ಪ್ರಿಂಟಿಗೆ ಆಗುವ ಖರ್ಚು ಒಂದು ಬ್ಲೂಟೂತ್ ಸ್ಪೀಕರಿಗೆ ಸಾಲುತ್ತದೆ.

ನಮ್ಮ ಬ್ಯಾಚಿನದು ಇನ್ನೇನು ಮುಗಿಯುತ್ತದೆ, ನಮಗೆ ಇದರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ. ಮುಂದಿನ ಬ್ಯಾಚು ಇಂಟರ್ನ್‌ಶಿಪ್‌ಗೆ ಹೊರಡುವ ಮೊದಲು ಈ ಬದಲಾವಣೆಯನ್ನು ಸಭೆಯ ಮುಂದೆ ಇಡಿ. ಪೂರ್ತಿ ಪತ್ರಿಕೆ ಬದಲಾಯಿಸಲು ಕಾಲ ಹಿಡಿಯುವುದಾದರೆ, ಆಂತರಿಕ ಅಂಕಗಳಲ್ಲಿ ಅರ್ಧವನ್ನಾದರೂ ಈ ವರ್ಷ ತರಗತಿಗೆ ಸರಿಸಿ. ಆ ಸಭೆಗೆ ಹಳ್ಳಿ ಪ್ರೌಢಶಾಲೆಗಳಿಂದ ಒಂದಿಬ್ಬರು ಮೆಂಟರ್ ಶಿಕ್ಷಕರನ್ನು ಕರೆಯಿರಿ. ಪಿಪಿಟಿ ಬಾರದವರನ್ನೂ ಕರೆಯಿರಿ.

ಇತಿ ನಿಮ್ಮ ವಿಶ್ವಾಸಿ,
ಬಿ.ಇಡಿ. ದ್ವಿತೀಯ ವರ್ಷದ ಪ್ರಶಿಕ್ಷಣಾರ್ಥಿ
ಹಾಸನ